ಕಾರಿನ ಹಿಂದೆ ಎರಡು ಸೈಕಲ್

ನಮ್ಮ ಯಜಮಾನರಿಗೆ ನಡೆಯುವುದು ಕಷ್ಟವಾದ ಮೇಲೂ ಸೈಕಲ್ ಹೊಡೆಯುವುದು ಸಲೀಸಾಗಿ ಬರುತ್ತಿತ್ತು ಎಂದರೆ ಯಾರೂ ನಂಬುತ್ತಿರಲಿಲ್ಲ. ಕಣ್ಣಾರೆ ನೋಡುವ ತನಕ ನಾನೂ ನಂಬಿರಲಿಲ್ಲ.

ಅವರದು ಜಯನಗರದಲ್ಲಿ ಒಂದು ಸಣ್ಣ ಕನ್ನಡಕದ ಅಂಗಡಿ. ನಾವು ಹನುಮಂತನಗರದಲ್ಲಿ ಬಾಡಿಗೆಗಿದ್ದ ಕಾಲದಿಂದಲೂ, ಆಮೇಲೆ ಜೆ.ಪಿ. ನಗರದ ಫ್ಲ್ಯಾಟಿಗೆ ಬಂದ ಮೇಲೂ, ಅಂಗಡಿಗೆ ಅವರು ಹೋಗಿಬರುತ್ತಿದ್ದದ್ದು ಸೈಕಲ್ಲಿನಲ್ಲೇ. ನಾನು ಸಾರಕ್ಕಿಯ ಹತ್ತಿರ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದೆ. ಕಾರು ನನ್ನ ಕೈಯಲ್ಲಿರುತ್ತಿತ್ತು, ಸೈಕಲ್ ಅವರ ಕೈಯಲ್ಲಿ. ಕಾಯಿಲೆ ಮೊದಲು ಕಾಣಿಸಿಕೊಂಡದ್ದು ಅಂಗಡಿಯ ಮೇಜಿನ ಮೇಲೆ. ಕನ್ನಡಕದ ಕಡ್ಡಿಗೆ ಹಾಕುವ, ಸಾಸಿವೆ ಕಾಳಿನಷ್ಟು ಸಣ್ಣ ಸ್ಕ್ರೂ ಅವರ ಬೆರಳಿನಿಂದ ಜಾರತೊಡಗಿತು. ವಯಸ್ಸಾಯಿತಲ್ಲ ಎಂದುಕೊಂಡೆವು. ಆಮೇಲೆ ಸುಮ್ಮನೆ ಕೂತಿದ್ದಾಗಲೂ ಬಲಗೈ ನಡುಗತೊಡಗಿತು. ಡಾಕ್ಟರು ಪಾರ್ಕಿನ್ಸನ್ ಎಂದರು. ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟದ್ದಾಯಿತು. ನಾನು ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡೆ.

ಕಾಲಿನ ತೊಂದರೆ ಆಮೇಲಿನದು. ಹಾಲಿನಿಂದ ಅಡುಗೆಮನೆಗೆ ಬರುವ ಬಾಗಿಲ ಹತ್ತಿರ ಅವರ ಪಾದಗಳು ನೆಲಕ್ಕೆ ಅಂಟಿಕೊಂಡುಬಿಡುತ್ತಿದ್ದವು. ಯಾರೋ ಮೊಳೆ ಹೊಡೆದ ಹಾಗೆ ನಿಂತುಬಿಡುವರು.

"ಕಾಲು ಬರ್ತಿಲ್ಲ ಕಣೇ."

"ನಿಧಾನಕ್ಕೆ ಎತ್ತಿ ರೀ."

"ಎತ್ತಿದೀನಿ ಅಂತಾನೇ ನಾನು ಅಂದ್ಕೊಂಡಿರೋದು."

ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆಗೆ ಅವರನ್ನು ನಾನೂ ಮಗಳೂ ಎರಡೂ ಕಡೆ ಹಿಡಿದುಕೊಂಡು ಕರೆದೊಯ್ದಿದ್ದೆವು. ಅಲ್ಲಿದ್ದ ಹುಡುಗಿ ಅವರನ್ನು ನಿಂತಲ್ಲೇ ತುಳಿಯುವ ಸೈಕಲ್ಲಿನ ಮೇಲೆ ಕೂರಿಸಿದಳು. ಪಾದಗಳು ಪೆಡಲ್ಲಿನ ಮೇಲೆ ಕೂತದ್ದೇ ತಡ, ಏನೂ ಆಗಿಲ್ಲವೆಂಬಂತೆ ಸುತ್ತತೊಡಗಿದವು. ಒಂದು ನಡುಕವಿಲ್ಲ, ತಡವರಿಕೆಯಿಲ್ಲ. ನಾನು ಬಾಯಿ ಮೇಲೆ ಕೈಯಿಟ್ಟುಕೊಂಡು ನಿಂತೆ.

"ಕೆಲವರಿಗೆ ಹೀಗಾಗುತ್ತೆ ಆಂಟಿ," ಅಂದಳು ಹುಡುಗಿ. "ನಡಿಯೋಕೆ ಕಷ್ಟ, ಆದ್ರೆ ಪೆಡಲ್ ಮಾಡ್ತಾರೆ. ಮನೇಲಿ ಇಂಥದ್ದೊಂದು ಇಟ್ಕೊಳ್ಳಿ. ರೋಡಿಗೆಲ್ಲ ಬೇಡ."

ಮನೆಗೆ ಬರುವ ದಾರಿಯಲ್ಲಿ ಅವರು ಹೇಳಿದ್ದು ಒಂದೇ ಮಾತು: "ಗೋಡೆ ನೋಡ್ಕೊಂಡು ತುಳಿಯೋಕೆ ನಾನೇನು ಗಾಣದ ಎತ್ತಾ?"

ಅಡ್ಡಪಟ್ಟಿಯಿಲ್ಲದ, ಕಾಲೆತ್ತಿ ದಾಟಬೇಕಾಗದ ಲೇಡೀಸ್ ಸೈಕಲ್ ಎರಡು ತಂದೆವು, ಅವರಿಗೊಂದು, ಜೊತೆಯಲ್ಲಿರಲು ನನಗೊಂದು. ಬೆಳಗಿನ ಹೊತ್ತು ನಮ್ಮ ರಸ್ತೆಯಲ್ಲೇ ಹೊರಟೆವು. ಹತ್ತಿಸುವಾಗ ನಾನು ಸೀಟು ಹಿಡಿದುಕೊಂಡಿದ್ದೆ, ಆಮೇಲೆ ಅವರೇ ಮುಂದೆ ಹೋದರು. ಮುಖ್ಯರಸ್ತೆ ಸೇರುವ ತಿರುವಿನಲ್ಲಿ ಒಂದು ಆಟೋ ಅಡ್ಡ ಬಂತು. ಅವರು ಬ್ರೇಕ್ ಹಾಕಿದರು, ಸೈಕಲ್ ನಿಂತಿತು. ಕೆಳಗೂರಬೇಕಾದ ಕಾಲು ಮಾತ್ರ ಪೆಡಲ್ಲಿನ ಮೇಲೇ ಉಳಿಯಿತು. ಕಡಿದ ಮರದ ಹಾಗೆ ಸೈಕಲ್ ಸಮೇತ ಪಕ್ಕಕ್ಕೆ ಬಿದ್ದರು.

"ಬೆಳಿಗ್ಗೆ ಬೆಳಿಗ್ಗೇನೇ ಎಣ್ಣೆ ಹಾಕಿದೀರಾ ಅಂಕಲ್?" ಎಂದು ಆಟೋದವನು ನಕ್ಕುಕೊಂಡು ಹೋದ. ಮೊಣಕೈ ತರಚಿ ರಕ್ತ ಬರುತ್ತಿತ್ತು. ಮನೆಗೆ ಬಂದು ನಾನು ಹತ್ತಿಯಲ್ಲಿ ಒರೆಸುವಾಗ ಅವರು, "ಓಡ್ಸೋಕೆ ಬರುತ್ತೆ ಕಣೇ. ನಿಲ್ಸೋಕೆ ಬರ್ತಿಲ್ಲ. ನಿಲ್ಸೋ ಪ್ರಸಂಗಾನೇ ಬರದಂಥ ರಸ್ತೆ ಬೇಕು," ಅಂದರು.

ಬೆಂಗಳೂರಿನಲ್ಲಿ ಅಂಥ ರಸ್ತೆ! ಆದರೂ ಒಂದು ನೆನಪಾಯಿತು. ಕನಕಪುರ ರಸ್ತೆಯ ಆಚೆ, ಹಿಂದೊಮ್ಮೆ ನಾವು ಸೈಟು ನೋಡಲು ಹೋಗಿ ಬೇಡವೆಂದು ಬಂದಿದ್ದ ಒಂದು ಬಡಾವಣೆ. ಟಾರು ಹಾಕಿ, ಕಲ್ಲು ನೆಟ್ಟು, ಮನೆಗಳೇ ಇಲ್ಲದೆ ಖಾಲಿ ಬಿದ್ದಿದ್ದ ಅಗಲವಾದ ರಸ್ತೆಗಳು. ಅಲ್ಲಿಗೆ ಎರಡು ಸೈಕಲ್ ಒಯ್ಯುವುದು ಹೇಗೆ ಎಂಬುದೇ ಪ್ರಶ್ನೆ.

ಹಿಂದಿನ ಸೀಟು ಮಡಿಸಿ, ಮುಂದಿನ ಚಕ್ರ ಬಿಚ್ಚಿ ಒಳಗೆ ತುರುಕಿ ನೋಡಿದೆ. ಒಂದೇ ಹಿಡಿಸಿತು, ಸೀಟೆಲ್ಲ ಚೈನಿನ ಗ್ರೀಸು. ಅರೆಕೆರೆಯಲ್ಲಿರುವ ಮಗಳು ಆಫೀಸಿನ ಯಾರಿಂದಲೋ ಡಿಕ್ಕಿಯ ಬಾಗಿಲಿಗೆ ಪಟ್ಟಿಗಳಿಂದ ಬಿಗಿಯುವ ಸ್ಟ್ಯಾಂಡ್ ಒಂದನ್ನು ಕೇಳಿ ತಂದುಕೊಟ್ಟಳು. ಕನಕಪುರ ರಸ್ತೆಯಲ್ಲಿ ಒಂದು ಹಂಪು ಹಾರಿಸಿದ ಮೇಲೆ ಪಟ್ಟಿ ಸಡಿಲಗೊಂಡು, ಹೆಲ್ಮೆಟ್ಟಿನ ಹುಡುಗನೊಬ್ಬ ಪಕ್ಕಕ್ಕೆ ಬಂದು, "ಮೇಡಂ, ಹಿಂದೆ ಸೈಕಲ್ ಬೀಳ್ತಾ ಇದೆ!" ಎಂದು ಕೂಗಿದ. ಇಳಿದು ನೋಡಿದರೆ ಚಕ್ರ ರಸ್ತೆಗೆ ಉಜ್ಜುತ್ತಿತ್ತು, ಡಿಕ್ಕಿಯ ಬಾಗಿಲು ನೆಗ್ಗಿಹೋಗಿತ್ತು. ಇನ್ನು ಕಾರಿನ ತಲೆಯ ಮೇಲಿಡುವ ಸ್ಟ್ಯಾಂಡಿನ ಮಾತು ನಾನೇ ಎತ್ತಿದ್ದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನೀನು ಅಟ್ಟದ ಮೇಲಿನ ಡಬ್ಬ ತೆಗೀಬೇಕಾದ್ರೂ ಸ್ಟೂಲ್ ಹಾಕ್ಕೋತೀಯ," ಅಂದರು.

ಹಾಗೆ ಉಳಿದದ್ದು ಹಿಚ್. ಅಂದರೆ ಕಾರಿನ ಹೊಟ್ಟೆಯಡಿ ಒಂದು ಗಟ್ಟಿ ಕಬ್ಬಿಣದ ಚೌಕಟ್ಟು ಬೋಲ್ಟ್ ಮಾಡುತ್ತಾರೆ. ಬಂಪರಿನ ಕೆಳಗೆ ಚೌಕಾಕಾರದ ಬಾಯಿಯೊಂದು ಹೊರಗೆ ಕಾಣುತ್ತದೆ. ಸ್ಟ್ಯಾಂಡಿನ ತೋಳನ್ನು ಅದರೊಳಗೆ ತೂರಿಸಿ, ಬೆರಳು ದಪ್ಪದ ಪಿನ್ ಹಾಕಿದರೆ ಆಯಿತು. ಭಾರವೆಲ್ಲ ಕಾರಿನ ಮೂಳೆಯ ಮೇಲೆ, ಬಾಗಿಲಿನ ತಗಡಿನ ಮೇಲಲ್ಲ.

ಅದನ್ನು ಆರಿಸಿದ ಆ ದಿನಗಳಲ್ಲಿ ನನ್ನ ಗಂಡ ನನಗೆ ಮತ್ತೆ ಸಿಕ್ಕಿದ್ದರು ಎಂದು ಈಗ ಅನ್ನಿಸುತ್ತದೆ. ಜೀವಮಾನವಿಡೀ ಇವರ ಮೂಗಿಗೆ ಯಾವ ಫ್ರೇಮು, ಅವರ ಕಿವಿಗೆ ಎಷ್ಟು ಉದ್ದದ ಕಡ್ಡಿ ಎಂದು ನೋಡಿದವರು. ಮೊಬೈಲಿನಲ್ಲಿ ಬಗೆಬಗೆಯ ಸ್ಟ್ಯಾಂಡುಗಳ ವಿಡಿಯೋ ಹಾಕಿಸಿಕೊಂಡು ನೋಡಿದರು. ನನ್ನ ಕೈಗೆ ಟೇಪು ಕೊಟ್ಟು ಬಂಪರಿನಿಂದ ನೆಲಕ್ಕೆ ಅಳೆಸಿದರು. ನೀರಿನ ಕ್ಯಾನನ್ನು ಮೊದಲು ಮೆಟ್ಟಿಲ ಮೇಲೆ, ಆಮೇಲೆ ಕುರ್ಚಿಯ ಮೇಲೆ ಎತ್ತಿಡಿಸಿ, ನನ್ನ ಸೊಂಟ ಎಷ್ಟೆತ್ತರದ ತನಕ ತಡೆಯುತ್ತದೆ ಎಂದು ನೋಡಿದರು. ತೋಳಿಗೆ ನೇತುಹಾಕುವ ಬಗೆಯದು ಹಗುರ, ಆದರೆ ಅಡ್ಡಪಟ್ಟಿಯಿಲ್ಲದ ನಮ್ಮ ಸೈಕಲ್ ಅದರಲ್ಲಿ ಸರಿಯಾಗಿ ನೇತಾಡುವುದಿಲ್ಲ. ತಟ್ಟೆಯಂತಿರುವ ಬಗೆಯದರಲ್ಲಿ ಚಕ್ರಗಳನ್ನು ಗಾಡಿಯಲ್ಲಿಟ್ಟ ಹಾಗೆ ಇಟ್ಟು ಪಟ್ಟಿ ಬಿಗಿದರೆ ಸಾಕು. ಅದೇ ಇರಲಿ, ಆದರೆ ಹಿಂದಕ್ಕೆ ಬಾಗುವಂಥದ್ದಿರಲಿ, ಡಿಕ್ಕಿ ತೆಗೆಯಬೇಕಲ್ಲ, ತಮ್ಮ ವಾಕರ್ ಅಲ್ಲಿರುತ್ತದೆ ಎಂದರು. ಅಂಗಡಿಯವನು ನಾಲ್ಕು ಸೈಕಲ್ಲಿನದನ್ನು ತೋರಿಸಿದಾಗ ಅವರ ಸಣ್ಣಗಾಗಿದ್ದ ದನಿಗೂ ಸ್ವಲ್ಪ ಗತ್ತು ಬಂದಿತ್ತು.

"ನಾವಿರೋದು ಇಬ್ರೇ ಕಣಪ್ಪ. ಗಾಡಿ ಚಿಕ್ಕದು, ಹಿಂದೆ ಭಾರ ಆದ್ರೆ ಮೂತಿ ಎತ್ಕೊಳುತ್ತೆ. ಎರಡರದ್ದು ಕೊಡು."

ಮಗಳಿಗೆ ಇದೊಂದೂ ಇಷ್ಟವಿರಲಿಲ್ಲ. "ಅಮ್ಮಾ, ಬಾತ್‌ರೂಮಿಗೆ ಹೋಗೋಕೆ ಇಬ್ರು ಹಿಡ್ಕೋಬೇಕು. ಸೈಕಲ್ಲಂತೆ! ನಿಂಗಾದ್ರೂ ಬುದ್ಧಿ ಬೇಡ್ವಾ?" ಎಂದು ಅಡುಗೆಮನೆಯಲ್ಲಿ ಪಿಸುದನಿಯಲ್ಲಿ ಜಗಳಾಡಿದಳು. ಅವರು ಏನನ್ನಾದರೂ ಬೇಕು ಎಂದು ಕೇಳಿ ಎಷ್ಟು ಕಾಲವಾಗಿತ್ತು ಎಂಬುದನ್ನು ಅವಳಿಗೆ ಹೇಗೆ ಹೇಳುವುದು?

ಹಿಚ್ ಹಾಕಿಸಿದ್ದು ಬನ್ನೇರುಘಟ್ಟ ರಸ್ತೆಯ ಒಳಗಿನ ಒಂದು ಗ್ಯಾರೇಜಿನಲ್ಲಿ. ಅವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡಿದರು. ಕೊನೆಗೆ ತೋಳು ಅಲ್ಲಾಡದಂತೆ ಬಿಗಿಯುವ ಬೋಲ್ಟ್ ಒಂದಿತ್ತು. ತಾನೇ ಬಿಗಿಯುತ್ತೇನೆಂದು ಕೈ ಚಾಚಿದರು. ಸ್ಪ್ಯಾನರ್ ಬೋಲ್ಟಿನ ಸುತ್ತ ಕಟಕಟ ಬಡಿಯಿತೇ ಹೊರತು ಕೂರಲಿಲ್ಲ. ಗ್ಯಾರೇಜಿನವನು ಕೈ ಕಟ್ಟಿಕೊಂಡು ಕಾದ. ಕಡೆಗೆ ಅದು ಹೇಗೋ ಕೂತು, ಅರ್ಧ ಸುತ್ತು ತಿರುಗಿತು. "ಸಾಕು ಸಾರ್, ಟೈಟಾಯ್ತು," ಅಂದ ಅವನು. ನಾನು ಇವರನ್ನು ಕಾರಿನಲ್ಲಿ ಕೂರಿಸಿ ತಿರುಗಿ ನೋಡಿದಾಗ ಅವನು ಬಗ್ಗಿ, ಸದ್ದಾಗದ ಹಾಗೆ ಅದೇ ಬೋಲ್ಟನ್ನು ಬಿಗಿಯುತ್ತಿದ್ದ.

ಮೊದಲ ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಹೊರಟೆವು. ದಾರಿಯುದ್ದಕ್ಕೂ ನನ್ನ ಕಣ್ಣು ಹಿಂದಿನ ಕನ್ನಡಿಯಲ್ಲೇ. ಎರಡು ಸೈಕಲ್ಲುಗಳು ಅಲುಗಾಡದೆ ನಿಂತಿದ್ದವು. ಬಡಾವಣೆಯಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಕಾರಿಗೆ ಒರಗಿ ನಿಂತ ಅವರನ್ನು ಸೀಟಿನ ಮೇಲೆ ಕೂರಿಸಿ, ಪಾದ ಪೆಡಲ್ಲಿನ ಮೇಲಿಟ್ಟು, ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಮುಂದೆ ತಳ್ಳಿದೆ.

ಅವರು ಹೋದರು. ಬೆನ್ನು ನೇರವಾಯಿತು, ಭುಜ ಸಡಿಲವಾಯಿತು. ಹಿಂದಿನಿಂದ ನೋಡಿದರೆ ಅಂಗಡಿ ಬೀಗ ಹಾಕಿ ಮನೆಗೆ ಬರುತ್ತಿದ್ದ ಅದೇ ಮನುಷ್ಯ. ನಾನು ನನ್ನ ಸೈಕಲ್ ಹತ್ತಿ ಎಷ್ಟು ತುಳಿದರೂ ಹಿಡಿಯಲಾಗಲಿಲ್ಲ. ರಸ್ತೆಯ ತುದಿಯಲ್ಲಿ ದೊಡ್ಡ ಸುತ್ತು ಹಾಕಿ ಎದುರು ಬಂದವರು, "ಬಾರೇ, ಯಾಕೆ ಹಿಂದೆ ಉಳೀತೀಯ?" ಎಂದು ಕೂಗಿದರು. ಕೂಗಿದ್ದು! ಮನೆಯಲ್ಲಿ ಅವರ ಮಾತು ಕೇಳಬೇಕಾದರೆ ನಾನು ಬಾಯಿಯ ಹತ್ತಿರ ಕಿವಿ ಒಯ್ಯಬೇಕಿತ್ತು. ನಾನು ಅಳುತ್ತಾ ತುಳಿದೆ. ಇಳಿಯುವಾಗ ಅವರು ನಿಧಾನವಾಗಿ ಕಾರಿನ ಪಕ್ಕಕ್ಕೆ ಬರುವುದು, ನಾನು ಹಿಡಿದುಕೊಳ್ಳುವುದು ಎಂದು ಮಾಡಿಕೊಂಡೆವು. ಇಳಿದ ಮೇಲೆ, ಕಾರಿನ ಸೀಟಿನ ತನಕದ ಎರಡು ಹೆಜ್ಜೆ ಇಡಲಾಗದೆ ಅವರು ಮತ್ತೆ ನಿಂತುಬಿಟ್ಟರು.

ಆಮೇಲೆ ಪ್ರತಿ ಭಾನುವಾರ. ಒಮ್ಮೆ ಬನಶಂಕರಿಯ ಹತ್ತಿರ ಪೊಲೀಸಿನವರು ಕೈ ಅಡ್ಡ ಹಾಕಿದರು.

"ಏನಮ್ಮಾ ಇದು, ನಂಬರ್ ಪ್ಲೇಟೇ ಕಾಣ್ತಿಲ್ವಲ್ಲ?"

ಸೈಕಲ್ಲಿನ ಹಿಂದೆ ಅದು ನಿಜಕ್ಕೂ ಮುಚ್ಚಿಹೋಗಿತ್ತು. ನಾನು ಇಳಿದು ವಿವರಿಸುತ್ತಿದ್ದರೆ ಪೊಲೀಸಿನವರ ಗಮನ ಕಾರಿನೊಳಗಿದ್ದ ಇವರ ಕಡೆ ಹೋಯಿತು. "ಅವರ‍್ಯಾಕೆ ಹಂಗೆ ಗುರಾಯಿಸ್ತಿದಾರೆ?" ಅಂದರು. ಈ ಕಾಯಿಲೆಯಲ್ಲಿ ಮುಖದ ಸ್ನಾಯುಗಳು ಬಿಗಿದುಕೊಂಡು, ನಗಲೂ ಬಾರದೆ, ರೆಪ್ಪೆ ಬಡಿಯುವುದೂ ಅಪರೂಪವಾಗುತ್ತದೆ. "ಗುರಾಯಿಸ್ತಿಲ್ಲ ಸಾರ್, ಅವರಿಗೆ ಹುಷಾರಿಲ್ಲ. ಮುಖ ಇರೋದೇ ಹಾಗೆ," ಅಂದೆ. ಹಾಗೆ ಹೇಳುವಾಗ, ಅವರ ನಗುಮುಖ ಹೇಗಿತ್ತೆಂದು ನೆನಪು ಮಾಡಿಕೊಳ್ಳಲು ಹೋಗಿ ನನಗೆ ಆಗಲಿಲ್ಲ. ಪೊಲೀಸಿನವರು ಸೈಕಲ್ಲುಗಳನ್ನು ನೋಡಿದರು, ಇವರನ್ನು ನೋಡಿದರು, ಇನ್ನೊಂದು ನಂಬರ್ ಬೋರ್ಡು ಮಾಡಿಸಿ ಸ್ಟ್ಯಾಂಡಿಗೆ ಕಟ್ಟಿಕೊಳ್ಳಲು ಹೇಳಿ ಬಿಟ್ಟುಬಿಟ್ಟರು. ಮಾಡಿಸಿದೆ. ಕೆಂಪು ದೀಪವನ್ನೂ ಹಾಕಿಸಿದೆ.

ಒಂದು ಚಳಿಗಾಲ, ಒಂದು ಬೇಸಿಗೆ ಹೀಗೇ ನಡೆಯಿತು. ಬಡಾವಣೆಯಲ್ಲಿ ಅಲ್ಲೊಂದು ಇಲ್ಲೊಂದು ಪಾಯ ಎದ್ದಿತು. ಆಮೇಲೆ ರಸ್ತೆಯ ಮೇಲೆ ಜಲ್ಲಿ, ಎಂ-ಸ್ಯಾಂಡ್ ಮರಳಿನ ಗುಡ್ಡೆಗಳು, ಅವುಗಳ ಮೇಲೆ ಮಲಗುವ ನಾಯಿಗಳು. ಸುತ್ತಿಕೊಂಡು ಹೋಗಬೇಕಾಯಿತು. ಅವರು ತಿರುಗಿಸುವುದೂ ತಡವಾಗತೊಡಗಿತ್ತು. "ಬಲಕ್ಕೆ ರೀ, ಬಲಕ್ಕೆ!" ಎಂದು ನಾನು ಹಿಂದಿನಿಂದ ಕೂಗಿದರೆ, ಮಾತು ಅವರ ಕೈಗೆ ಇಳಿಯುವಷ್ಟರಲ್ಲಿ ಗುಡ್ಡೆ ಎದುರಿಗಿರುತ್ತಿತ್ತು. ಒಂದು ಭಾನುವಾರ ನೇರವಾಗಿ ಜಲ್ಲಿಯ ಮೇಲೆ ಹೋದರು. ಕೈ ಊರಿಕೊಳ್ಳಲೂ ಇಲ್ಲ. ಕೊರಳ ಪಕ್ಕದ ಮೂಳೆ ಮುರಿಯಿತು.

ಆಸ್ಪತ್ರೆಯಲ್ಲಿ ಮಗಳು, "ಇನ್ನು ಸಾಕಮ್ಮ," ಎಂದಷ್ಟೇ ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮೂಳೆ ಕೂಡಿತು, ಮಿಕ್ಕದ್ದು ಕೂಡಲಿಲ್ಲ. ಮಲಗಿದ್ದ ಆ ದಿನಗಳಲ್ಲಿ ದೇಹ ಇನ್ನಷ್ಟು ಬಿಗಿದುಕೊಂಡಿತು. ಮಾತ್ರೆ ಬದಲಾಯಿತು. ಸಂಜೆ ಹೊತ್ತು ಹಾಲಿನಲ್ಲಿ ಯಾರೋ ಕೂತಿದ್ದಾರೆ ಎನ್ನತೊಡಗಿದರು. "ಬಂದವರಿಗೆ ಕಾಫಿನಾದ್ರೂ ಕೊಡಬಾರ್ದೇನೆ?" ಎಂದು ಖಾಲಿ ಸೋಫಾ ತೋರಿಸುವರು. ಮೊದಲು ಯಾರೂ ಇಲ್ಲವೆಂದು ವಾದಿಸುತ್ತಿದ್ದೆ. ಆಮೇಲೆ ಒಂದು ಲೋಟ ಕಾಫಿ ತಂದಿಟ್ಟು, ತಣ್ಣಗಾದ ಮೇಲೆ ನಾನೇ ಕುಡಿದುಬಿಡುತ್ತಿದ್ದೆ. ಬುದ್ಧಿಯೂ ಹೀಗೆ ಕದಲುತ್ತಾ ಹೋಗಬಹುದು, ತಯಾರಾಗಿರಿ ಎಂದರು ಡಾಕ್ಟರು. ಹೇಗೆ ತಯಾರಾಗುವುದೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆದರೆ ಭಾನುವಾರ ಮಾತ್ರ ಅವರಿಗೆ ಮರೆಯುತ್ತಿರಲಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟರೆ, "ಸೈಕಲ್ ಹಾಕಿದ್ಯಾ?" ಮಗಳಿಗೆ ತಿಳಿಸದೆ ಒಮ್ಮೆ ಹೊರಟೆ. ಬಡಾವಣೆಯಲ್ಲಿ ಅವರನ್ನು ಕಾರಿಗೆ ಒರಗಿಸಿ ನಿಲ್ಲಿಸಿ, ಸೈಕಲ್ಲನ್ನು ಅವರ ಪಕ್ಕಕ್ಕೆ ತಂದೆ. ಒಂದು ಕೈ ಹ್ಯಾಂಡಲ್ ಮೇಲೆ, ಒಂದು ಕೈ ನನ್ನ ಹೆಗಲ ಮೇಲೆ. ಕಾಲು ಮೇಲೇಳಲಿಲ್ಲ. ನಾನು ಬಗ್ಗಿ ಪಾದ ಹಿಡಿದು ಎತ್ತಲು ನೋಡಿದೆ. ಬೇರು ಬಿಟ್ಟ ಹಾಗಿತ್ತು. ಇಬ್ಬರೂ ಬೆವೆತೆವು. ಬಿಸಿಲೇರಿತು. ಪಕ್ಕದ ಕಟ್ಟಡದಲ್ಲಿ ಇಟ್ಟಿಗೆ ಹೊರುತ್ತಿದ್ದವರು ಕೆಲಸ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು.

"ಹತ್ತಿಸೋಕೆ ಯಾರನ್ನಾದ್ರೂ ಕರೀಲಾ?" ಅಂದೆ.

"ಬೇಡ. ಕಾಲು ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲ ಕಣೇ," ಅಂದರು. "ನಡಿ, ಮನೆಗೆ."

ಸೈಕಲ್ಲುಗಳನ್ನು ಮತ್ತೆ ಸ್ಟ್ಯಾಂಡಿಗೆ ಏರಿಸಿ ಪಟ್ಟಿ ಬಿಗಿದೆ.

ಮುಂದಿನ ಭಾನುವಾರ ಬೆಳಿಗ್ಗೆ ಮತ್ತೆ ಅದೇ ಪ್ರಶ್ನೆ: "ಸೈಕಲ್ ಹಾಕಿದ್ಯಾ?" ಹಿಂದಿನ ವಾರ ನಡೆದದ್ದು ಅವರ ತಲೆಯಲ್ಲಿ ಉಳಿದಿರಲಿಲ್ಲ. ಹಾಕಿದ್ದೀನಿ ಎಂದು ಸುಳ್ಳು ಹೇಳಿ ಸುಮ್ಮನಿರಬಹುದಿತ್ತೇನೋ. ಆದರೆ ನಾನು ಕೆಳಗೆ ಹೋಗಿ ಎರಡನ್ನೂ ಏರಿಸಿದೆ. ಹಾಗೇ ಪ್ರತಿ ವಾರ. ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಅಲ್ಲಿ ತನಕ ಹೋಗಿ, ಮರದ ಕೆಳಗೆ ನಿಲ್ಲಿಸಿ, ಕಿಟಕಿ ಇಳಿಸಿ ಕೂರುತ್ತಿದ್ದೆವು. ಇಳಿಯೋಣವೇ ಎಂದು ನಾನು ಕೇಳುತ್ತಿರಲಿಲ್ಲ. ಇಳಿಯಬೇಕು ಎಂದು ಅವರೂ ಅನ್ನುತ್ತಿರಲಿಲ್ಲ. ಫ್ಲಾಸ್ಕಿನ ಕಾಫಿಯನ್ನು ಚಮಚದಲ್ಲಿ ಕುಡಿಸಿ, ತಿರುಗಿ ಬರುತ್ತಿದ್ದೆವು. ಎರಡು ಸೈಕಲ್ ಹೊತ್ತುಕೊಂಡು ಹೋಗಿ, ಇಳಿಸದೆ ಹೊತ್ತುಕೊಂಡು ಬರುವ ಕೆಲಸ. ಫ್ಲ್ಯಾಟಿನವರು ಕಂಡರೆ, "ರೈಡ್ ಚೆನ್ನಾಗಿತ್ತಾ ಆಂಟಿ?" ಎಂದು ಕೇಳುವರು. ಹೂಂ ಎನ್ನುತ್ತಿದ್ದೆ.

ಒಂದು ದಿನ ಅವರೇ, "ನೀನು ಹೊಡಿ," ಅಂದರು. ಮಾತು ಅಸ್ಪಷ್ಟವಾಗಿತ್ತು, ಎರಡು ಸಲ ಕೇಳಿಸಿಕೊಂಡೆ. ನನಗೆ ಮನಸ್ಸಿರಲಿಲ್ಲ. ಮೊದಲಿಂದಲೂ ನಾನು ತುಳಿದದ್ದು ಅವರ ಬೆನ್ನು ನೋಡಿಕೊಂಡು ಮಾತ್ರ. ಆದರೂ ಸ್ಟ್ಯಾಂಡನ್ನು ಬಾಗಿಸಿ ನನ್ನದೊಂದನ್ನು ಇಳಿಸಿದೆ. ಅವರಿಗೆ ಬೆಲ್ಟ್ ಹಾಕಿ, ಬಾಗಿಲು ಭದ್ರಪಡಿಸಿ, ಹೊರಟೆ. ಜಲ್ಲಿ ಗುಡ್ಡೆಗಳನ್ನು ಸುತ್ತಿ, ಹೊಸದಾಗಿ ಗೃಹಪ್ರವೇಶವಾದ ಮನೆಯ ಬಾಡಿದ ತೋರಣ ದಾಟಿ, ರಸ್ತೆಯ ತುದಿಗೆ ಹೋಗಿ ತಿರುಗಿದೆ. ದೂರದಲ್ಲಿ ಕಾರಿನ ಗಾಜಿನ ಹಿಂದೆ ಅವರ ತಲೆ ಕಾಣುತ್ತಿತ್ತು. ಕೈ ಬೀಸಿದೆ. ಅವರ ಕೈ ಏಳುವುದಿಲ್ಲವೆಂದು ಗೊತ್ತಿದ್ದರೂ ಬೀಸಿದೆ. ಹತ್ತಿರ ಬಂದ ಹಾಗೆ ಅವರ ಕಣ್ಣು ನನ್ನ ಮೇಲೇ ಇರುವುದು ಕಂಡಿತು. ರೆಪ್ಪೆ ಬಡಿಯದೆ, ಅಷ್ಟು ಗಮನವಿಟ್ಟು ಅವರು ನನ್ನನ್ನು ನೋಡಿ ಎಷ್ಟೋ ದಿನವಾಗಿತ್ತು. ಎದೆ ತುಂಬಿಬಂತು. ಸೈಕಲ್ ನಿಲ್ಲಿಸಿ ಕಿಟಕಿಯ ಹತ್ತಿರ ಬಗ್ಗಿದೆ.

"ಹೇಗಿತ್ತು ರೀ?"

ಅವರು ಗುಟ್ಟು ಹೇಳುವವರ ಹಾಗೆ ಕೇಳಿದರು: "ಯಾರದು, ಸೈಕಲ್ ಹೊಡೀತಿದ್ದ ಹೆಂಗಸು?"

ನಾನು ಎಂದು ಹೇಳಲು ಬಾಯಿ ತೆರೆದೆ.

"ಚೆನ್ನಾಗ್ ಹೊಡೀತಾರೆ," ಅಂದರು.

"ಹೌದಾ?"

"ಹೂಂ. ನಮ್ಮನೆಯವಳಿಗೂ ಹೇಳ್ಬೇಕು. ಅವಳು ಯಾವಾಗ್ಲೂ ಹಿಂದೆ ಉಳೀತಾಳೆ."

ಸೈಕಲ್ಲನ್ನು ಎತ್ತಿ ಸ್ಟ್ಯಾಂಡಿನ ಮೇಲಿಡುವುದು ಅವತ್ತು ನನ್ನಿಂದಾಗಲಿಲ್ಲ. ಭಾರವೇನೂ ಹೆಚ್ಚಾಗಿರಲಿಲ್ಲ. ಚಕ್ರ ತಟ್ಟೆಯ ಅಂಚಿಗೆ ತಗುಲಿ ಜಾರುತ್ತಿತ್ತು, ಅಷ್ಟೆ. ಇಟ್ಟಿಗೆ ಹೊರುತ್ತಿದ್ದ ಹೆಂಗಸೊಬ್ಬಳು ಬಂದು ಒಂದು ತುದಿ ಹಿಡಿದಳು. "ಯಾಕಕ್ಕ, ಹುಷಾರಿಲ್ವಾ?" ಅಂದಳು. ಬಿಸಿಲು ಅಂದೆ.

ಆಮೇಲೆ ನಾವು ಅಲ್ಲಿಗೆ ಹೋಗಲಿಲ್ಲ. ಆಸ್ಪತ್ರೆಯ ಓಡಾಟ ಹೆಚ್ಚಾಗಿ, ಮಗಳು ಒಂದು ಮಧ್ಯಾಹ್ನ ಬಂದು, ಈ ಸ್ಟ್ಯಾಂಡನ್ನು ತೆಗೆದುಬಿಡೋಣ ಅಂದಳು. ಪಿನ್ ತುಕ್ಕು ಹಿಡಿದಿತ್ತು. ಅವಳು ಕಾರಿನಡಿ ಮಲಗಿ ಎಣ್ಣೆ ಬಿಟ್ಟು, ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದು ಬಿಡಿಸಿದಳು. ಸ್ಟ್ಯಾಂಡನ್ನು ತಾಯಿ ಮಗಳು ಎರಡೂ ಕಡೆ ಹಿಡಿದು ಲಿಫ್ಟಿನಲ್ಲಿ ತಂದು, ಹಾಲಿನ ಮೂಲಕವೇ ಬಾಲ್ಕನಿಗೆ ಒಯ್ದೆವು. ಅವರು ಕುರ್ಚಿಯಲ್ಲಿದ್ದರು. ಅವರ ಮುಂದಿನಿಂದಲೇ ಹಾದುಹೋದೆವು. ನಾನು ಬೇಕೆಂದೇ ಒಂದು ಕ್ಷಣ ನಿಂತೆ. ಅವರು ಕಾಲು ಸ್ವಲ್ಪ ಹಿಂದಕ್ಕೆಳೆದುಕೊಂಡರು, ನಮಗೆ ದಾರಿ ಬಿಡುವವರ ಹಾಗೆ. ಮಗಳು ಬಾಲ್ಕನಿಯಲ್ಲಿ ಅದನ್ನಿಟ್ಟು, ಮುಖ ಆ ಕಡೆ ಮಾಡಿಕೊಂಡು ಬಹಳ ಹೊತ್ತು ಕೈ ಒರೆಸಿಕೊಂಡಳು.

ಈಗ ಭಾನುವಾರ ಬೆಳಿಗ್ಗೆ ನನಗೆ ಬೇಗ ಎಚ್ಚರವಾಗುತ್ತದೆ. ಅವರು ಮಲಗಿಯೇ ಇರುತ್ತಾರೆ, ಕಣ್ಣು ಬಿಟ್ಟುಕೊಂಡು. ಅವರೇನಾದರೂ ಕೇಳುತ್ತಾರೋ ಎಂದು ಪಕ್ಕದಲ್ಲಿ ಕೂತು ಕಾಯುತ್ತೇನೆ. ಕೇಳುವುದಿಲ್ಲ. ಎದ್ದು ಹಾಲು ಕಾಯಿಸಲು ಹೋಗುತ್ತೇನೆ.